ಇಪ್ಪತ್ತೈದನೆಯವಳು

ನಮ್ಮವರಿಗೆ ಉದ್ಯಮಿಯಾಗುವ ಹುಚ್ಚು ಹಿಡಿದು ಹದಿನಾಲ್ಕು ವರ್ಷವಾಯಿತು. ಇಷ್ಟು ವರ್ಷದಲ್ಲಿ ಒಂದು ಉದ್ಯಮವನ್ನೂ ಆರಂಭಿಸಲಿಲ್ಲ, ತರಬೇತಿಯನ್ನು ಮಾತ್ರ ಒಂದನ್ನೂ ಬಿಡಲಿಲ್ಲ. ಅಣಬೆ ಬೆಳೆಯುವುದು, ಜೇನು ಸಾಕುವುದು, ಬೇಕರಿ, ಡ್ರೋನ್ ಹಾರಿಸುವುದು, ಎಲ್ಲದರ ಸರ್ಟಿಫಿಕೇಟೂ ಲ್ಯಾಮಿನೇಟ್ ಆಗಿ ನಮ್ಮ ಹಾಲಿನ ಗೋಡೆಯ ಮೇಲಿದೆ. ಹೂಡಿಯಲ್ಲಿ ಮಾವ ಕಟ್ಟಿಸಿದ ಬಿಲ್ಡಿಂಗಿನ ಬಾಡಿಗೆ ಬರುತ್ತದೆ, ಊಟಕ್ಕೇನೂ ತೊಂದರೆಯಿಲ್ಲ. ತೊಂದರೆಯೆಲ್ಲ ನಂಟರ ಮನೆಗೆ ಹೋದಾಗ. ಶಶಿಕುಮಾರ್ ಏನ್ ಮಾಡ್ಕೊಂಡವ್ನೆ ಎಂದು ಯಾರಾದರೂ ಕೇಳಿದರೆ ಇವರು ನೀರು ಕುಡಿಯುವ ನೆಪದಲ್ಲಿ ಎದ್ದುಹೋಗುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ ಎನ್ನುತ್ತಿತ್ತು.

ಕೊನೆಗೆ ತರಬೇತಿ ಕೊಡುವವರ ತರಬೇತಿಯನ್ನೂ ಮುಗಿಸಿಕೊಂಡು ಬಂದರು. ಉದ್ಯಮ ಮಾಡದವರೂ ಅದನ್ನು ಕಲಿಸಬಹುದು ಎಂದು ಯಾವ ಪುಣ್ಯಾತ್ಮ ಕಂಡುಹಿಡಿದನೋ ಕಾಣೆ. ಒಂದು ಸಂಸ್ಥೆಯವರು ಇವರಿಗೆ ಬ್ಯಾಚ್ ಕೊಟ್ಟರು. ಮೂವತ್ತು ದಿನ, ನಮ್ಮ ಮೇಲಂತಸ್ತಿನ ಖಾಲಿ ಹಾಲಿನಲ್ಲೇ ಕ್ಲಾಸು. ಇಪ್ಪತ್ತೈದು ಜನ ಇರಲೇಬೇಕು, ಒಬ್ಬರು ಕಮ್ಮಿಯಾದರೂ ಬ್ಯಾಚ್ ರದ್ದು. ನಮ್ಮವರು ಊರೆಲ್ಲ ಸುತ್ತಿ ಇಪ್ಪತ್ನಾಲ್ಕು ಜನರನ್ನು ಹೊಂದಿಸಿ, ಕ್ಲಾಸು ಶುರುವಾಗುವ ಹಿಂದಿನ ದಿನ ಊಟ ಬಿಟ್ಟು ಕೂತರು. ನಾನು ಕೆಳಗಿಳಿದು ಬಸಕ್ಕನ ಮನೆಗೆ ಹೋದೆ.

ಬಸಕ್ಕ ನಮ್ಮ ಬಿಲ್ಡಿಂಗಿನ ಹಿಂದಿನ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದಾಳೆ. ಕೊಪ್ಪಳದ ಕಡೆಯವಳು. ಗಂಡ ನೀಲಪ್ಪ ಸೆಂಟ್ರಿಂಗ್ ಕೆಲಸದವನು. ಸೊಂಟ ಹಿಡಿದುಕೊಂಡ ಮೇಲೆ ವಾರಕ್ಕೆ ಮೂರು ದಿನ ಕೆಲಸಕ್ಕೆ ಹೋದರೆ ಹೆಚ್ಚು. ಮನೆ ನಡೆಯುತ್ತಿದ್ದುದು ಬಸಕ್ಕನ ರೊಟ್ಟಿಯಿಂದ. ಹಿಂದಿನ ಬೀದಿಯ ಎರಡು ಪಿಜಿಗಳಲ್ಲಿ ಉತ್ತರ ಕರ್ನಾಟಕದ ಹುಡುಗರೇ ಜಾಸ್ತಿ. ಅವರ ಊಟಕ್ಕೆ ದಿನಾ ನೂರೈವತ್ತು ಜೋಳದ ರೊಟ್ಟಿ. ಮಧ್ಯಾಹ್ನ ಎರಡಕ್ಕೆ ಹಂಚಿನ ಮುಂದೆ ಕೂತರೆ ಏಳಕ್ಕೆ ಸರಿಯಾಗಿ ಬುಟ್ಟಿ ಪಿಜಿ ಮುಟ್ಟುತ್ತಿತ್ತು. ಬೋರ್ಡಿಲ್ಲ, ಹೆಸರಿಲ್ಲ, ಮ್ಯಾನೇಜರ್ ಸಂಗಮೇಶನ ಬಾಯಿಮಾತಿನ ಮೇಲೆ ನಾಲ್ಕು ವರ್ಷದಿಂದ ನಡೆದಿತ್ತು.

"ಮಧ್ಯಾಹ್ನದಾಗ ರೊಟ್ಟಿ ಬಡೀಬೇಕ್ರಿ ಅಕ್ಕಾರ" ಎಂದಳು.

"ಒಂದ್ ತಿಂಗ್ಳು ತಾನೆ ಬಸಕ್ಕ, ಲೆಕ್ಕಕ್ಕೊಬ್ಬರು ಬೇಕು, ಬಂದ್ಬಿಡು" ಎಂದೆ.

ಮನೆ ಮಾಲೀಕರ ಹೆಂಡತಿ ಬಂದ್ಬಿಡು ಎಂದರೆ ಬಾಡಿಗೆಯವಳು ಇಲ್ಲ ಎನ್ನುವುದಾದರೂ ಹೇಗೆ? ಅದು ಆಗ ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಅದನ್ನೇ ನೆಚ್ಚಿಕೊಂಡು ಹೋಗಿದ್ದೆ.

ಫಾರಂ ತುಂಬುವಾಗ ಇನ್ನೊಂದು ತೊಡಕು ಬಂತು. ತರಬೇತಿ ಹೊಸಬರಿಗೆ ಮಾತ್ರ, ಈಗಾಗಲೇ ವ್ಯಾಪಾರ ಮಾಡುತ್ತಿರುವವರಿಗೆ ಅವಕಾಶವಿಲ್ಲ. ನಮ್ಮವರು ಪೆನ್ನು ಕಚ್ಚುತ್ತ ಕೂತರು. ಗೃಹಿಣಿ ಅಂತ ಬರೀರಿ, ಯಾರು ಬಂದು ನೋಡ್ತಾರೆ ಎಂದವಳು ನಾನೇ. ಕ್ಲಾಸಿನಲ್ಲಿ ರೊಟ್ಟಿಯ ವಿಷಯ ಎತ್ತಬೇಡ ಎಂದು ಬಸಕ್ಕನಿಗೆ ತಾಕೀತು ಮಾಡಿದವಳೂ ನಾನೇ. ಅವಳು ತಲೆಯಾಡಿಸಿ, ತೋರಿಸಿದ ಕಡೆ ನಿಧಾನವಾಗಿ ಸಹಿ ಹಾಕಿದಳು.

ಲೆಕ್ಕಕ್ಕೊಬ್ಬಳು ಎಂದು ನಾನು ಹೇಳಿದ್ದೇನೋ ಸುಲಭವಾಗಿ. ಆದರೆ ಬೆಳಿಗ್ಗೆ ಒಂಬತ್ತೂವರೆಗೊಂದು, ಸಂಜೆ ಐದಕ್ಕೊಂದು ಪ್ರತಿಯೊಬ್ಬರ ಮುಖದ ಫೋಟೊ ಸಂಸ್ಥೆಗೆ ಹೋಗಬೇಕು. ನಡುವೆ ಯಾವಾಗಲೆಂದರೆ ಆವಾಗ ಸಂಸ್ಥೆಯವರು ವಿಡಿಯೊ ಕಾಲ್ ಮಾಡಿ ತಲೆ ಎಣಿಸುತ್ತಿದ್ದರು. ಬಸಕ್ಕ ಐದಕ್ಕೆ ಬಿಟ್ಟವಳೇ ಓಡಿಹೋಗಿ ಹಿಟ್ಟು ನಾದುತ್ತಿದ್ದಳು. ರೊಟ್ಟಿ ಪಿಜಿ ಮುಟ್ಟುವುದು ಒಮ್ಮೆ ಒಂಬತ್ತು, ಒಮ್ಮೆ ಒಂಬತ್ತೂವರೆ. ಹುಡುಗರು ಅನ್ನ ತಿಂದು ಮಲಗಿದ ಮೇಲೆ ರೊಟ್ಟಿ ಯಾರಿಗೆ ಬೇಕು? ಸಂಗಮೇಶ ಎರಡು ಸಲ ಸಿಡುಕಿದನಂತೆ. ಒಂದ್ ತಿಂಗಳು ತಡೀರಿ ಸಾರ್ ಎಂದು ಬೇಡಿಕೊಂಡು ಬಂದಳು. ನಾನೂ ದಿನ ಎಣಿಸತೊಡಗಿದೆ.

ಮೂರನೇ ವಾರ ಮಾರ್ಕೆಟ್ ಸರ್ವೆ. ಎಲ್ಲರೂ ಸುತ್ತಮುತ್ತಲಿನ ಬೀದಿಗಳಿಗೆ ಹೋಗಿ, ಜನರಿಗೆ ಏನು ಬೇಕು, ಏನು ಸಿಗುತ್ತಿಲ್ಲ ಎಂದು ಕೇಳಿಕೊಂಡು ಬಂದು ಕ್ಲಾಸಿನ ಮುಂದೆ ಹೇಳಬೇಕು. ಅವತ್ತು ಸಂಸ್ಥೆಯಿಂದ ಒಬ್ಬ ಮೇಡಂ ಬಂದು ಕೂತಿದ್ದರು. ನಾನು ಟೀ ಫ್ಲಾಸ್ಕ್ ಹಿಡಿದು ಹಿಂದೆ ನಿಂತಿದ್ದೆ. ಮೊದಲಿಗೆ ಎದ್ದವನು ವಸಂತ್. ಕಾಲ್ ಸೆಂಟರ್ ಬಿಟ್ಟು ಬಂದವನು, ಚುರುಕು, ಒಳ್ಳೆಯವನು. ಬಸಕ್ಕನಿಗೆ ಫ್ಯಾನಿನ ಕೆಳಗೆ ಜಾಗ ಬಿಟ್ಟುಕೊಡುತ್ತಿದ್ದವನೂ ಅವನೇ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

"ಇಲ್ಲೇ ಹಿಂದಿನ ರೋಡಲ್ಲಿ ಎರಡು ಪಿಜಿ ಇವೆ ಸಾರ್. ದಿನಾ ನೂರೈವತ್ತು ಜೋಳದ ರೊಟ್ಟಿ ಬೇಕು. ಈಗ ಯಾರೋ ಒಬ್ಬ ಹೆಂಗಸು ಕೊಡ್ತಾ ಇದಾರಂತೆ, ಟೈಮಿಗೇ ಬರಲ್ಲವಂತೆ. ಮ್ಯಾನೇಜರ್‌ಗೆ ತಲೆ ಕೆಟ್ಟೋಗಿದೆ. ಇದೇ ಗ್ಯಾಪ್ ಸಾರ್."

ನಮ್ಮವರು ನನ್ನತ್ತ ನೋಡಿದರು. ಅವರಿಗೂ ಅರ್ಥವಾಗಿತ್ತು. ಆ ಹೆಂಗಸು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾಳೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ ಫಾರಂ ಸುಳ್ಳು, ಬ್ಯಾಚ್ ರದ್ದು. ಮೇಡಂ ಅಷ್ಟರಲ್ಲೇ ಚಪ್ಪಾಳೆ ಶುರು ಮಾಡಿದರು. ಎಲ್ಲರೂ ತಟ್ಟಿದರು, ಬಸಕ್ಕನೂ ತಟ್ಟಿದಳು. ನಮ್ಮವರು ಗಂಟಲು ಸರಿಮಾಡಿಕೊಂಡು ಎಕ್ಸಲೆಂಟ್ ಎಂದರು. ನಾನು ಲೋಟಕ್ಕೆ ಟೀ ಬಗ್ಗಿಸುತ್ತ ನಿಂತೆ.

ಮುಂದಿನದೆಲ್ಲ ಪಾಠದಲ್ಲಿ ಹೇಳಿದಂತೆಯೇ ನಡೆಯಿತು. ಸಂಸ್ಥೆಯವರು ವಸಂತನಿಗೆ ಸಾಲಕ್ಕೆ ಶಿಫಾರಸು ಮಾಡಿದರು. ಅವನು ರೊಟ್ಟಿ ಮಷಿನ್ ತಂದ, ಬೋರ್ಡ್ ಹಾಕಿದ, ಸಂಗಮೇಶನಿಗೆ ಬಿಲ್ ಕೊಟ್ಟ. ಒಂದನೇ ತಾರೀಕಿನಿಂದ ಬೇರೆ ವ್ಯವಸ್ಥೆ ಆಗಿದೆ ಎಂದು ಪಿಜಿಯವರು ಬಸಕ್ಕನಿಗೆ ಗೇಟಿನಲ್ಲೇ ಹೇಳಿ ಕಳಿಸಿದರು. ಆದರೆ ಮಷಿನ್ ರೊಟ್ಟಿ ಆರಿದರೆ ಹಪ್ಪಳದಂತೆ ಮುರಿಯುತ್ತಿತ್ತು, ಹುಡುಗರು ಗಲಾಟೆ ಮಾಡಿದರು. ಕೈಯಲ್ಲಿ ಬಡಿಯುವವರು ಯಾರಾದರೂ ಇದ್ದಾರಾ ಸಾರ್ ಎಂದು ವಸಂತ್ ನಮ್ಮವರನ್ನು ಕೇಳಿಕೊಂಡು ಬಂದ. ನಮ್ಮವರು ದೊಡ್ಡ ಉಪಕಾರ ಮಾಡುವವರಂತೆ ಬಸಕ್ಕನ ಹೆಸರು ಹೇಳಿದರು.

ನನಗೆ ತಡೆಯಲಾಗಲಿಲ್ಲ. ಸಂಗಮೇಶನ ಹತ್ತಿರ ಹೋಗಿ ನಿನ್ನ ಆರ್ಡರ್ ನೀನೇ ಕೇಳು, ಬೇಕಾದರೆ ನಾನೂ ಬರುತ್ತೇನೆ ಎಂದು ಬಸಕ್ಕನಿಗೆ ಹೇಳಿದೆ.

"ಏನಂತ ಕೇಳಲ್ರಿ ಅಕ್ಕಾರ? ವಸಂತ ಅವರ ಕಡೆ ಬಿಲ್ ಐತಿ, ಬೋರ್ಡ್ ಐತಿ. ನಾನು ಗೃಹಿಣಿ ಅಂತ ಸಹಿ ಮಾಡೀನಿ."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಈಗ ಅದೇ ಪಿಜಿಯ ಅದೇ ಹುಡುಗರಿಗೆ ಅವಳೇ ರೊಟ್ಟಿ ಬಡಿಯುತ್ತಾಳೆ, ವಸಂತನ ಶೆಡ್ಡಿನಲ್ಲಿ, ಕೂಲಿಗೆ. ಸಂಸ್ಥೆಗೆ ಹೋದ ವರದಿಯಲ್ಲಿ ನಮ್ಮವರು ಒಬ್ಬ ಹೊಸ ಉದ್ಯಮಿ, ಒಬ್ಬರಿಗೆ ಹೊಸ ಉದ್ಯೋಗ ಎಂದು ಬರೆದರು. ನಮ್ಮವರಿಗೆ ಇನ್ನೊಂದು ಬ್ಯಾಚ್ ಸಿಕ್ಕಿತು. ಹದಿನಾಲ್ಕು ವರ್ಷದ ಮೇಲೆ ಮೊದಲ ಸಲ ಬೆಳಿಗ್ಗೆ ಹಾಡು ಗುನುಗುತ್ತ ಶೇವ್ ಮಾಡಿಕೊಳ್ಳುತ್ತಿದ್ದಾರೆ. ಆ ಹಾಡನ್ನು ನಿಲ್ಲಿಸಲು ನನ್ನಿಂದ ಆಗುವುದಿಲ್ಲ.

ಮೊನ್ನೆ ಭಾನುವಾರ ಬಸಕ್ಕನಿಗೆ ರಜೆ. ತಪ್ಪಾಯಿತು ಎಂದು ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಕೆಳಗಿಳಿದೆ. ಅವಳು ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡವಳೇ ಮೊರ ಪಕ್ಕಕ್ಕಿಟ್ಟು ಎದ್ದು ನಿಂತಳು.

"ಮತ್ತ ಕ್ಲಾಸ್ ಐತೇನ್ರಿ ಅಕ್ಕಾರ? ಐತಿ ಅಂದ್ರ ಈಗ ಹೇಳಿಬಿಡ್ರಿ. ವಸಂತ ಸಾವ್ಕಾರ್ರ ಕಡೆ ರಜಾ ಕೇಳಬೇಕು."

"ಇಲ್ಲ ಬಸಕ್ಕ, ಸುಮ್ನೆ ಬಂದೆ" ಎಂದೆ.

ಅವಳು ನಂಬಲಿಲ್ಲ. ನಾನು ಏನು ಕೇಳಲು ಬಂದಿದ್ದೇನೋ ಎಂದು ಬಾಗಿಲು ಹಿಡಿದು ಕಾಯುತ್ತ ನಿಂತಳು.