ಶಿಲುಬೆಯ ಕಾಲು

ಗೂಟಕ್ಕೆ ನೇತುಹಾಕಿದ್ದ ಗಾರೆಯವನ ಕೋಟನ್ನು ಅವನಿಗೆ ಹೇಳದೆ ತೆಗೆದು ಹೊಲಿಗೆಮನೆಯ ರಾಶಿಗೆ ಸೇರಿಸಿದರು. ಅದರ ಎಡಭುಜಕ್ಕೆ ಅವನ ಅಕ್ಕನ ಕೈಯಿಂದಲೇ ಕೆಂಪು ಶಿಲುಬೆ ಹೊಲಿಸಿದರು. ಆಮೇಲೆ ಕೋಟನ್ನು ಮತ್ತೆ ಅದೇ ಗೂಟಕ್ಕೆ ಹಾಕಿದರು.

ಹೊಲಿಗೆಮನೆಯ ಹಿಂಗೋಡೆ ತೇವ ಹಿಡಿದು ಉಬ್ಬಿತ್ತು. ಅದನ್ನು ಕೆರೆದು ಹೊಸ ಗಾರೆ ಮೆತ್ತಲು ಅವನು ಬಂದಿದ್ದ. ಕೆಲಸ ಮುಗಿಸಿ, ಕೈಕಾಲು ತೊಳೆದು, ಮಬ್ಬು ಬೆಳಕಿನ ಓಣಿಯಲ್ಲಿ ಕೋಟು ತೊಟ್ಟುಕೊಂಡು ಸಿಳ್ಳೆ ಹಾಕುತ್ತ ಬಾಗಿಲಿಗೆ ಬಂದ. ಕಾವಲಿನವನು ಟಾರ್ಚು ಬಿಟ್ಟ.

"ಏನಪ್ಪಾ, ನೀನೂ ಹೊರಟೆಯಾ?"

"ಹೊರಡದೆ ನಿನ್ ಪಕ್ಕ ಮಲಗ್ಲಾ? ಮನೇಲಿ ಅಕ್ಕ ಕಾಯ್ತಿರ್ತಾಳೆ."

"ಮನೆಗಲ್ಲಯ್ಯ. ಭುಜ ನೋಡ್ಕೋ."

ನೋಡಿಕೊಂಡ. ಯಾರೋ ತಮಾಷೆ ಮಾಡಿದ್ದಾರೆ ಎಂದು ನಕ್ಕ. ಕಾವಲಿನವನು ನಗಲಿಲ್ಲ. ಸೆಟೆದು ನಿಂತು, ಎದೆಯ ಮೇಲೆ ಕೈಯಿಟ್ಟು ವಂದಿಸಿದ. ಶಿಲುಬೆ ತೊಟ್ಟವನಿಗೆ ಹಾಗೆ ವಂದಿಸಬೇಕೆಂದು ಕಾನೂನು. ಅದನ್ನು ಕಂಡ ಮೇಲೆ ಗಾರೆಯವನ ನಗು ಬಾಯಲ್ಲೇ ಒಣಗಿತು.

ಆ ನಾಡಿನಲ್ಲಿ ಶಿಲುಬೆಯುದ್ಧ ಇನ್ನೂ ಮುಗಿದಿರಲಿಲ್ಲ. ಎಂಟುನೂರು ವರ್ಷಗಳ ಕೆಳಗೆ, ಕುದುರೆ ಕತ್ತಿಗಳ ಕಾಲದಲ್ಲಿ, ಮುಗಿಯುವ ಹಂತಕ್ಕೆ ಬಂದಿತ್ತಂತೆ. ಪವಿತ್ರ ನಗರಕ್ಕಾಗಿ ಹೊಡೆದಾಡಿದ ಇಬ್ಬರು ಅರಸರಿಗೂ ಸುಸ್ತಾಗಿತ್ತು. ಒಬ್ಬನಿಗೆ ಜ್ವರ, ಇನ್ನೊಬ್ಬನ ಬೊಕ್ಕಸ ಬರಿದು. ನಗರ ಇದ್ದವರ ಕೈಯಲ್ಲೇ ಇರಲಿ, ಯಾತ್ರಿಕರು ಆಯುಧವಿಲ್ಲದೆ ಬಂದುಹೋಗಲಿ ಎಂದು ಮಾತಾಯಿತು. ಆ ಒಪ್ಪಂದ ಹೊತ್ತು ಹೊರಟ ದೂತನನ್ನು ಅವನ ಕಡೆಯವರೇ ಕಣಿವೆಯಲ್ಲಿ ಕಡಿದು, ಶತ್ರುಗಳು ಕೊಂದರೆಂದು ಸಾರಿದರು. ಶಾಲೆಯಲ್ಲಿ ಇದನ್ನು ಹೇಳಿಕೊಡುತ್ತಿರಲಿಲ್ಲ. ಆದರೂ ಎಲ್ಲರಿಗೂ ಗೊತ್ತಿತ್ತು. ಕತ್ತಿ ಹೋಗಿ ಕೋವಿ ಬಂತು. ಅರಮನೆ ಹೋಗಿ ಕಚೇರಿ ಬಂತು. ಬಂದರಿನವರೆಗೆ ರೈಲು ಬಂತು. ಯುದ್ಧ ಮಾತ್ರ ಇದ್ದಲ್ಲೇ ಇತ್ತು. ಪವಿತ್ರ ನಗರ ಈಗ ಬರೀ ಕಲ್ಲುರಾಶಿ. ಒಂದು ವರ್ಷ ಅದನ್ನು ಇವರು ಹಿಡಿಯುತ್ತಿದ್ದರು, ಮರುವರ್ಷ ಅವರು. ಹಿಡಿಯಲು ಹೋಗಿ ಸಾಯುವವರಲ್ಲಿ ಕಚೇರಿಯವರ ಮಕ್ಕಳು ಯಾವ ಕಾಲಕ್ಕೂ ಇರಲಿಲ್ಲ. ಕೋಟನ್ನು ಗೂಟಕ್ಕೆ ಹಾಕಿ ದುಡಿಯುವವರು ಮಾತ್ರ ಇದ್ದರು.

ಅಕ್ಕ ತಮ್ಮನಿಗೆ ಚಿಕ್ಕಂದಿನಿಂದ ಒಂದು ಆಟ. ಉಣ್ಣುತ್ತ ಕೂತಾಗ ಯಾರಾದರೊಬ್ಬರು ಶುರುಮಾಡುತ್ತಿದ್ದರು.

"ದೂತ ತಲುಪಿದ್ರೆ ಅಪ್ಪ ಇಲ್ಲೇ ಗೋಡೆಗೊರಗಿ ಗೊರಕೆ ಹೊಡೀತಿದ್ದ."

"ದೂತ ತಲುಪಿದ್ರೆ ಭಾವ ದಿನಾ ನಿನ್ ಹತ್ರ ಬೈಸ್ಕೊಳ್ತಿದ್ರು ಕಣಕ್ಕಾ. ಒಂಥರಾ ತಪ್ಪಿಸ್ಕೊಂಡ್ರು."

"ಹಲ್ಲು ಉದುರಿಸ್ತೀನಿ ನೋಡು. ನೀನೇನಾಗ್ತಿದ್ದೆ? ಅರಸನಾ?"

"ಆಗ್ಲೂ ಗಾರೆಯವನೇ. ಆದ್ರೆ ಮಸಣದ ಗೋಡೆ ಬಿಟ್ಟು ಬೇರೆ ಗೋಡೆನೂ ಮೆತ್ತುತಿದ್ದೆ."

ಅಕ್ಕನನ್ನು ಹೊಲಿಗೆಮನೆಯಲ್ಲಿ ಎಲ್ಲರೂ ಸೂಜಕ್ಕ ಎನ್ನುತ್ತಿದ್ದರು. ಕೋಟುಗಳನ್ನು ಯಂತ್ರ ಹೊಲಿಯುತ್ತಿತ್ತು, ಆದರೆ ಶಿಲುಬೆಯನ್ನು ಕೈಯಲ್ಲೇ ಹೊಲಿಯಬೇಕು. ಉದ್ದನೆಯ ಬೆಂಚಿನ ಮೇಲೆ ಹೆಂಗಸರು ಸಾಲಾಗಿ ಕೂರುತ್ತಿದ್ದರು. ಎಡಕ್ಕೆ ಕೋಟಿನ ರಾಶಿ, ಮಡಿಲಲ್ಲಿ ಕೆಂಪು ಬಟ್ಟೆಯ ತುಂಡುಗಳು. ತೋಳಿನ ಜೋಡಣೆಯನ್ನು ಹೆಬ್ಬೆರಳಿನಿಂದ ಹುಡುಕಿ, ಅದರ ಮೇಲೆ ಶಿಲುಬೆ ಇಟ್ಟು ಹೊಲಿದು ಬಲಕ್ಕೆ ಎಸೆಯುವುದು. ಕೋಟನ್ನು ಬಿಡಿಸಿ ನೋಡುವ ಪದ್ಧತಿ ಇರಲಿಲ್ಲ. ನೋಡುತ್ತ ಕೂತರೆ ರಾಶಿ ಕರಗದು, ಮೇಸ್ತ್ರಿ ಸುಮ್ಮನಿರನು. ಪಳಗಿದ ಹೆಂಗಸರು ಕಿಟಕಿಯಾಚೆ ನೋಡುತ್ತ, ಮನೆಮಠದ ಮಾತಾಡುತ್ತ ಹೊಲಿಯುತ್ತಿದ್ದರು. ಸೂಜಕ್ಕನಷ್ಟು ಪಳಗಿದವಳು ಅಲ್ಲಿ ಇನ್ನೊಬ್ಬಳಿರಲಿಲ್ಲ.

ಶಿಲುಬೆಯ ಮೇಲ್ಭಾಗಕ್ಕೆ ಅವರು ತಲೆ ಎನ್ನುತ್ತಿದ್ದರು, ಪಕ್ಕದ ಎರಡಕ್ಕೆ ಕೈ, ಕೆಳಗಿನದಕ್ಕೆ ಕಾಲು. ಬೆಂಚಿನ ಮೇಲೆ ತಲೆ, ಕೈಗಳನ್ನಷ್ಟೇ ಹೊಲಿದು ಕಾಲನ್ನು ಸಡಿಲ ಬಿಡಬೇಕು. ದಂಡು ಹೊರಡುವ ದಿನ ಕೋಟು ತೊಟ್ಟವನು ಅಂಗಳದಲ್ಲಿ ನಿಲ್ಲುತ್ತಾನೆ. ಹೊಲಿದವಳೇ ಬಂದು, ಅವನ ಮೈಮೇಲೆಯೇ ಕಾಲು ಹೊಲಿದು, 'ಇವನು ತಾನಾಗಿ ತೊಟ್ಟ' ಎಂದು ಸಾಕ್ಷಿ ನುಡಿಯುತ್ತಾಳೆ. ಯಾರು ಹೊಲಿದದ್ದೆಂದು ದಾರದ ಕೊನೆಯ ಗಂಟು ಹೇಳುತ್ತದೆ. ಒಬ್ಬೊಬ್ಬಳ ಗಂಟು ಒಂದೊಂದು ತರ. ಯುದ್ಧ ಮುಗಿಸಿ ಬಂದವನ ಶಿಲುಬೆಯನ್ನು ಭುಜದಿಂದ ಬಿಚ್ಚಿ ಬೆನ್ನಿಗೆ ಹೊಲಿಯಬೇಕೆಂಬ ನಿಯಮವೂ ಇತ್ತು. ಬೆನ್ನಿಗೆ ಹೊಲಿದು ಗೊತ್ತಿದ್ದವಳು ಆ ಬೆಂಚಿನಲ್ಲಿ ಯಾರೂ ಇರಲಿಲ್ಲ.

ತಲೆಮಾರಿಗೆ ಮನೆಗೊಬ್ಬ ಎನ್ನುವುದು ಲೆಕ್ಕ. ಈ ತಲೆಮಾರಿನಲ್ಲಿ ಅವರ ಮನೆಯಿಂದ ಸೂಜಕ್ಕನ ಗಂಡ ಹೋಗಿಯಾಗಿತ್ತು. ಗಾರೆಯವನನ್ನು ಕರೆಯುವ ಹಾಗಿರಲಿಲ್ಲ, ಅವನಾಗಿ ಹೊರಟರೆ ಮಾತ್ರ. ಅವನಾಗಿ ಹೊರಟದ್ದಕ್ಕೆ ಕೋಟಿನ ಮೇಲಿನ ಶಿಲುಬೆಯೇ ಆಧಾರ.

ಅಂದು ಮಧ್ಯಾಹ್ನ ರಾಶಿಯಿಂದ ಎಳೆದುಕೊಂಡ ಒಂದು ಕೋಟು ಅವಳ ಬೆರಳಿಗೆ ಒರಟಾಗಿ ತಾಗಿತ್ತು. ಬೆರಳ ತುದಿಯಲ್ಲಿ ಒಣ ಸುಣ್ಣದ ಪುಡಿ. ಪಕ್ಕದಲ್ಲಿ ಗುಂಡಿ ಹೊಲಿಯುವ ಗುಂಡಿಯಜ್ಜಿ ತನ್ನ ಸೊಸೆಯ ನಡಿಗೆಯನ್ನು ಅಣಕಿಸುತ್ತಿದ್ದಳು. ಸೂಜಕ್ಕ ನಗುತ್ತ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ತಲೆ ಹೊಲಿದಳು, ಎರಡು ಕೈ ಹೊಲಿದಳು, ಗಂಟು ಹಾಕಿ ಬಲಕ್ಕೆ ಎಸೆದಳು.

ಸಂಜೆ ತಮ್ಮ ಬಂದು ಬಾಗಿಲಲ್ಲಿ ನಿಂತಾಗ ಅವಳು ಅವನ ಮುಖ ನೋಡಲಿಲ್ಲ. ಮೊದಲು ಗಂಟು ನೋಡಿದಳು.

ಬೆಳಗಾಗುತ್ತಲೇ ದಂಡಿನ ಕಚೇರಿಗೆ ಓಡಿದಳು. ಗುಮಾಸ್ತ ಲೋಟದಲ್ಲಿ ಪೆನ್ಸಿಲುಗಳನ್ನು ಜೋಡಿಸಿಡುತ್ತಿದ್ದ.

"ಹೊಲಿಗೆ ಯಾರದಮ್ಮ?"

"ನಂದೇ ಸ್ವಾಮಿ."

"ಮತ್ತೇನು ತಕರಾರು?"

"ನೋಡಿ ಹೊಲಿದದ್ದಲ್ಲ. ಯಾರೋ ಅವನ ಕೋಟನ್ನ ರಾಶಿಗೆ ಹಾಕಿದಾರೆ."

"ನೋಡದೆ ಹೊಲಿಯೋಕೆ ನಿನ್ನನ್ನ ಇಟ್ಕೊಂಡಿದಾರಾ?"

"ನೋಡದೆ ಹೊಲಿಯೋಕೇ ಇಟ್ಕೊಂಡಿರೋದು ಸ್ವಾಮಿ. ಬೇಕಾದ್ರೆ ಮೇಸ್ತ್ರೀನ ಕೇಳಿ."

ಗುಮಾಸ್ತನಿಗೆ ನಗು ಬಂತು. ಅದನ್ನು ಕೆಮ್ಮಿನೊಳಗೆ ನುಂಗಿದ.

"ನೋಡು ತಾಯಿ. ಬಿಚ್ಚೋ ಹಾಗಿಲ್ಲ, ಬಿಚ್ಚಿದ್ರೆ ಓಡಿಹೋದವನು ಅಂತ ಅವನನ್ನ ಗಲ್ಲಿಗೆ ಹಾಕ್ತಾರೆ. ಕಾಲು ಹೊಲಿಯೋಕೆ ನೀನು ಬರದೆ ಇದ್ರೆ ಇನ್ನೊಬ್ಬಳು ಹೊಲೀತಾಳೆ. ನೀನು ಜೈಲಿಗೆ ಹೋಗ್ತೀಯ, ಅವನು ರೈಲು ಹತ್ತೋದೇನೂ ತಪ್ಪಲ್ಲ. ಸುಮ್ನೆ ಯಾಕೆ ಇಬ್ಬರು ಮನುಷ್ಯರು ಹಾಳಾಗ್ಬೇಕು?"

"ಮನೆಗೊಬ್ಬ ಅಂತ ನೀವೇ ಹೇಳಿದ್ದು."

"ಹೇಳಿದ್ವಲ್ಲ. ಈಗ್ಲೂ ಹೇಳ್ತೀವಿ. ಅವನು ಹೆಚ್ಚಿಗೆ ಬಂದವನು. ಪುಣ್ಯವಂತ."

ವಿಷಯವನ್ನು ಗುಂಡಿಯಜ್ಜಿ ಬೆಂಚಿನ ಬಳಿ ಬಿಡಿಸಿ ಹೇಳಿದಳು. ಕಚೇರಿಯ ಸಾಹೇಬರ ಅಳಿಯನನ್ನು ಈ ಸಲ ದಂಡಿನ ಪಟ್ಟಿಯಿಂದ ಕೈಬಿಟ್ಟಿದ್ದರು. ಬೀದಿ ಕೊಡಬೇಕಾದ ಪಾಲಿಗೆ ಒಂದು ಆಳು ಕಡಿಮೆ ಬಿದ್ದಿತ್ತು. ಮೇಸ್ತ್ರಿಗೆ ಹೇಳಿಕಳಿಸಿದರು. ಅವನ ಕಣ್ಣಿಗೆ ಗೂಟದ ಮೇಲಿನ ಕೋಟು ಬಿತ್ತು.

"ನಿಂಗೆ ಮೊದ್ಲೇ ಗೊತ್ತಿತ್ತಾ ಅಜ್ಜಿ?"

"ಗೊತ್ತಿದ್ರೆ ಸೊಸೆ ಸುದ್ದಿ ಹೇಳ್ತಾ ಕೂರ್ತಿದ್ನಾ, ಮುಂಡೇದೆ?" ಎಂದಳು ಅಜ್ಜಿ. ಆಮೇಲೆ ಸೂಜಿಗೆ ದಾರ ಪೋಣಿಸಲು ಹೋದಳು. ದಾರ ಹೊಗಲಿಲ್ಲ. "ನನ್ನ ಮಕ್ಕಳಿಗೂ ನಾನೇ ಗುಂಡಿ ಹಾಕಿ ಕಳ್ಸಿದ್ದು ಕಣೇ. ಗಟ್ಟಿಯಾಗಿ ಹಾಕಿದ್ದೆ, ಚಳಿ ಆಗ್ಬಾರ್ದು ಅಂತ."

ಹೊರಡುವ ದಿನದ ಹಿಂದಿನ ಸಂಜೆ ಅಕ್ಕ ತಮ್ಮ ತಟ್ಟೆಯ ಮುಂದೆ ಕೂತರು. ಕೋಟು ಬಾಗಿಲ ಹಿಂದೆ ತೂಗುತ್ತಿತ್ತು. ಶಿಲುಬೆಯ ಹೊಲಿಯದ ಕಾಲು ಗಾಳಿ ಬಂದಾಗಲೆಲ್ಲ ಅಲುಗುತ್ತಿತ್ತು.

"ಅಕ್ಕಾ, ದೂತ ತಲುಪಿದ್ರೆ..." ಎಂದ ಅವನು.

"ಬೇಡ ಕಣೋ. ಇವತ್ತು ಬೇಡ."

"ಕೇಳು, ಯೋಚನೆ ಮಾಡಿದೀನಿ. ದೂತ ತಲುಪಿದ್ರೂ ಇಷ್ಟೇ. ಇನ್ನೊಂದು ನಗರ ಹುಡುಕ್ತಿದ್ರು, ಇನ್ನೊಂದು ಬಟ್ಟೆ ತುಂಡು ಹುಡುಕ್ತಿದ್ರು. ಆಗ್ಲೂ ನೀನು ಹೊಲೀತಿದ್ದೆ, ನಾನು ತೊಡ್ತಿದ್ದೆ. ಚಿಕ್ಕಂದಿನಿಂದ ಸುಮ್ನೆ ಆಟ ಆಡಿದ್ವಿ."

ಅವಳು ತುತ್ತು ಹಿಡಿದು ಕೂತಿದ್ದಳು. ಅದು ತಟ್ಟೆಗೂ ಇಳಿಯಲಿಲ್ಲ, ಬಾಯಿಗೂ ಹೋಗಲಿಲ್ಲ. ಅಪ್ಪ ಹೋದಾಗ, ಗಂಡ ಹೋದಾಗ ಆ ಆಟವೊಂದು ಉಳಿದಿತ್ತು. ಈಗ ಅದನ್ನೂ ಇವನೇ ಒರೆಸಿಹಾಕಿದ್ದ.

"ನಾಳೆ ಕಾಲು ನೀನೇ ಹೊಲಿದುಬಿಡು," ಎಂದ. "ಗುಂಡಿಯಜ್ಜಿ ಹೊಲಿದ್ರೆ ಭುಜಕ್ಕೂ ಸೇರಿಸಿ ಹೊಲೀತಾಳೆ. ಕಣ್ಣು ಕಾಣಲ್ಲ ಅವಳಿಗೆ."

"ನನ್ ಮೇಲೆ ಸಿಟ್ಟಿಲ್ವೇನೋ?"

"ಇದೆ," ಎಂದ ಅವನು ತಟ್ಟೆ ನೋಡುತ್ತ. "ಕೋಟು ಒಗೆದುಕೊಡು ಅಂತ ಎಷ್ಟು ಸಲ ಹೇಳಿದ್ದೆ. ಒಗೆದಿದ್ರೆ ಮಡಿ ಕೋಟು ತೊಟ್ಕೊಂಡು ಹೋಗ್ತಿದ್ದೆ."

ನಗಿಸಲು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ. ಊಟ ಹಾಗೇ ಉಳಿಯಿತು.

ಅಂಗಳದಲ್ಲಿ ಗಂಡಸರನ್ನು ಸಾಲಾಗಿ ನಿಲ್ಲಿಸಿದ್ದರು. ಗೇಟಿನಾಚೆ ಬಂದರಿನ ರೈಲು ಹೊಗೆಯುಗುಳುತ್ತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಹೋಗಿ, ತಮ್ಮ ಗಂಟನ್ನು ಗುರುತಿಸಿ, ಕಾಲು ಹೊಲಿದು, 'ತಾನಾಗಿ ತೊಟ್ಟ' ಎಂದು ಬರುತ್ತಿದ್ದರು. ಒಬ್ಬೊಬ್ಬಳ ಮಾತಿಗೂ ಪಾದ್ರಿ ಕೈಯೆತ್ತಿ ಹರಸುತ್ತಿದ್ದ. ಅವನ ಕೈ ಸೋತು, ಆಮೇಲಾಮೇಲೆ ಬರೀ ಬೆರಳೆತ್ತುತ್ತಿದ್ದ. ಹರಸುವ ಜಾಗದಿಂದ ಆಚೆ ಸಾಹೇಬರ ಅಳಿಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ.

"ಸೂಜಕ್ಕ, ನಿನ್ನ ಸರದಿ," ಎಂದ ಮೇಸ್ತ್ರಿ. ಸೂಜಿಗೆ ಕೆಂಪು ದಾರ ಪೋಣಿಸಿಯೇ ಕೈಗಿಟ್ಟ. "ಬೇಗ ಮುಗ್ಸು. ರೈಲು ನಿಲ್ಲಲ್ಲ."

ಅವಳು ಹೋಗಿ ತಮ್ಮನ ಮುಂದೆ ನಿಂತಳು. ಹೊಲಿದು ಮುಗಿಸಬೇಕೆಂದೇ ಬಂದಿದ್ದಳು. ಬೇರೆಯವರು ಚುಚ್ಚದಿರಲಿ ಎನ್ನುವ ಒಂದೇ ಆಸೆ ಉಳಿದಿತ್ತು. ತಮ್ಮ ಅವಳಿಗೆ ಅನುಕೂಲವಾಗಲೆಂದು ಭುಜ ತುಸು ಇಳಿಸಿಕೊಟ್ಟ. ಶಾಲೆಗೆ ಹೋಗುವಾಗ ಅಂಗಿ ಸರಿಮಾಡಿಸಿಕೊಳ್ಳಲು ಹಾಗೇ ಇಳಿಸುತ್ತಿದ್ದ.

ಶಿಲುಬೆಯ ಕಾಲನ್ನು ಎಡಗೈಯಲ್ಲಿ ಹಿಡಿದು ಹೆಬ್ಬೆರಳಿಂದ ಒತ್ತಿದಳು. ಬಟ್ಟೆಯ ಅಡಿಯಿಂದ ಒಣ ಸುಣ್ಣದ ಪುಡಿ ಬೆರಳಿಗೆ ಹತ್ತಿತು.

ಅವಳು ಬೆರಳು ಒರೆಸಿಕೊಳ್ಳಲಿಲ್ಲ. ಅದನ್ನೇ ನೋಡುತ್ತ ನಿಂತಳು. ಆಮೇಲೆ ಕೋಟನ್ನು ನೋಡಿದಳು: ಗುಂಡಿ, ಮೊಣಕೈಯ ತೇಪೆ, ಜೇಬಿನ ಅಂಚಿನ ಕಲೆ. ಆ ಕೈಯಿಂದ ಹಾದುಹೋದ ಕೋಟುಗಳಲ್ಲಿ ಅವಳು ಬಿಡಿಸಿ ನೋಡಿದ್ದು ಇದೊಂದನ್ನೇ.

"ಹೊಲಿ," ಎಂದ ಮೇಸ್ತ್ರಿ.

"ಅಕ್ಕಾ, ಹೊಲಿದುಬಿಡೇ," ಎಂದ ತಮ್ಮ ಮೆಲ್ಲಗೆ. "ನಿನ್ನನ್ನೂ ಕರ್ಕೊಂಡು ಹೋಗ್ತಾರೆ."

"ಗುಂಡಿಯಜ್ಜಿ, ನೀನು ಬಾ," ಎಂದು ಮೇಸ್ತ್ರಿ ಹಿಂದೆ ತಿರುಗಿ ಕೂಗಿದ. ಅಜ್ಜಿ ಮೊಣಕಾಲು ಹಿಡಿದು ಎದ್ದಳು. ಯಾರ ಮುಖವನ್ನೂ ನೋಡದೆ, ಸೂಜಿ ಹುಡುಕುತ್ತ ಬಂದಳು. ಗೇಟಿನ ಬಳಿ ಪೊಲೀಸರಿಬ್ಬರು ಬೀಡಿ ಆರಿಸಿದರು.

ಪಾದ್ರಿ ಬೆರಳೆತ್ತಿಕೊಂಡೇ ಹೇಳಿಕೊಟ್ಟ: "ಇವನು ತಾನಾಗಿ ತೊಟ್ಟ. ಹೇಳು ತಾಯಿ."

ಸೂಜಕ್ಕ ಸೂಜಿಯನ್ನು ನೆಲಕ್ಕೆ ಹಾಕಿದಳು. ಶಿಲುಬೆಯ ಕಾಲನ್ನು ಮಾತ್ರ ಬಿಡಲಿಲ್ಲ. ತಮ್ಮನ ಭುಜದ ಮೇಲೆ ಅದನ್ನು ಮುಷ್ಟಿಯೊಳಗೆ ಹಿಡಿದುಕೊಂಡಳು.

"ಇವನು ತೊಟ್ಟದ್ದಲ್ಲ. ನೀವು ತೊಡ್ಸಿದ್ದು, ನನ್ ಕೈಲಿ," ಎಂದಳು. "ನಾನು ಹೊಲಿಯಲ್ಲ."