ಮಡಚದೆ ಬಿಟ್ಟ ಅಂಚು

ಮಳೆಗಾಲ ಬಂತೆಂದರೆ ರಬಕವಿಯ ಮೋಟಾರು ಗಾಡಿ ಮಾಲಕರಿಗೆಲ್ಲ ಒಂದೇ ಗೋಳು. ಮುಧೋಳ ದಾಟಿ ಲೋಕಾಪುರದ ಕಡೆ ಹೊರಳಿದರೆ ಎರೆಮಣ್ಣಿನ ರಸ್ತೆ. ನಾಲ್ಕು ಹನಿ ಬಿದ್ದರೆ ಸಾಕು, ಗಾಲಿ ಹೂತು ಕೂಡುತ್ತದೆ. ಎತ್ತು ಕಟ್ಟಿ ಎಳೆಸಬೇಕು, ಸೀರೆಯ ಗಂಟುಗಳನ್ನು ತಲೆಯ ಮೇಲೆ ಹೊತ್ತು ದಾಟಿಸಬೇಕು, ಮಾಲು ತಡವಾಯಿತೆಂದು ಪೇಟೆಯವರ ಬೈಗುಳ ಬೇರೆ ತಿನ್ನಬೇಕು.

ಯಮನಪ್ಪನದೂ ಇದೇ ಪಾಡಾಗಿತ್ತು. ಅವನು ಹುಟ್ಟಾ ನೇಕಾರ. ದೊಡ್ಡ ಯುದ್ಧ ಮುಗಿದ ಮೇಲೆ ಲಿಲಾವಿಗೆ ಬಂದ ಹಳೆಯ ಮಿಲಿಟರಿ ಗಾಡಿಯೊಂದನ್ನು ಹಿಡಿದು ಡ್ರೈವರನಾದವನು. ನಮ್ಮ ಸೀಮೆ ಮುಂಬೈ ರಾಜ್ಯಕ್ಕೆ ಸೇರಿ ಆಗ ನಾಲ್ಕೈದು ವರ್ಷವಾಗಿತ್ತು. ಅವನು ಬಿಟ್ಟ ಮಗ್ಗದಲ್ಲಿ ಹೆಂಡತಿ ಶೇವಂತಿ ಕೂತಳು. ಕುಣಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುವ ಮಗ್ಗ ಅದು. ಅವಳ ಕೈ ಎಷ್ಟು ಚುರುಕೋ ಕಾಲೂ ಅಷ್ಟೇ ಚುರುಕು. ಅವಳು ನೇಯ್ದ ಸೀರೆಯ ಅಂಚಿನಲ್ಲಿ ಒಂದು ಎಳೆ ಹೊರಗೆ ಕಂಡರೆ ತೋರಿಸಿ ಎಂದು ಓಣಿಯ ಹೆಂಗಸರು ಪಂಥ ಕಟ್ಟುತ್ತಿದ್ದರು. ಯಮನಪ್ಪನಿಗೆ ಇದರ ಹೆಮ್ಮೆ ಬಹಳ. ಆದರೆ ಅದನ್ನು ಅವಳ ಮುಂದೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಗಂಡಸರು ಇಂಥದರಲ್ಲಿ ಮಹಾ ಜಿಪುಣರು.

ಆ ವರ್ಷ ಅವನು ಹಿಂದಿನ ಗಾಲಿಗಳಿಗೆ ದೊಡ್ಡ ಟೈರು ಹಾಕಿಸಿದ. ಅಗಲವಾದ ಟೈರು ಕೆಸರಿನಲ್ಲಿ ಅಷ್ಟು ಸುಲಭಕ್ಕೆ ಹೂಳುವುದಿಲ್ಲ. ಆದರೆ ಮೇಲಿನ ಮಡ್‌ಗಾರ್ಡು ಹಳೆಯ ಸಣ್ಣ ಟೈರಿನ ಅಳತೆಯದು. ಗಾಡಿ ಹೊರಟ ಕೂಡಲೆ ತಗಡಿನ ತುದಿ ರಬ್ಬರಿಗೆ ತಾಗಿ ಗರಗರ ಎನ್ನತೊಡಗಿತು. ತಗಡು ಕೊಯ್ದು ಜಾಗ ಮಾಡದೆ ಬೇರೆ ದಾರಿಯೇ ಇರಲಿಲ್ಲ.

ಬಸ್ಸು ನಿಲ್ಲುವ ಜಾಗದ ಹತ್ತಿರ ಸದಾಶಿವರಾಯರ ರಿಪೇರಿ ಶೆಡ್ಡು ಇತ್ತು. ರಾಯರು ಜಮಖಂಡಿಯವರು. ಪುಣೆಯಲ್ಲಿ ಹನ್ನೆರಡು ವರ್ಷ ಮಿಲಿಟರಿ ಗಾಡಿಗಳನ್ನು ರಿಪೇರಿ ಮಾಡಿ ಬಂದಿದ್ದರು. ಮಾತು ಅರ್ಧ ಮರಾಠಿ, ಅರ್ಧ ಕನ್ನಡ, ಕೆಲಸ ಮಾತ್ರ ಪೂರ್ತಿ. ಯಮನಪ್ಪ ಗಾಡಿ ತೋರಿಸಿದಾಗ ಅವರು ಸುತ್ತಲೂ ಒಂದು ಸಲ ತಿರುಗಿ ನೋಡಿದರು.

“ಖಾಲಿ ಗಾಡಿ ಮ್ಯಾಲ ಅಳತಿ ಹಿಡೀಬ್ಯಾಡ ಯಮನಪ್ಪಾ. ಮಾಲು ಹೇರಿ, ಮಂದೀನ ಕುಂಡ್ರಿಸಿ, ಆಮ್ಯಾಲ ಗೆರಿ ಹೊಡಿ. ಕೊಯ್ದ ಅಂಚು ಹಂಗ ಬಿಡಬ್ಯಾಡ, ಉಜ್ಜಿ ಮಡಚಬೇಕು. ಗಾಡಿ ಇಲ್ಲೇ ಬಿಡು, ಎರಡು ದಿನದಾಗ ಮಾಡಿ ಕೊಡ್ತೇನಿ.”

ಎರಡು ದಿನ ಎಂದದ್ದೇ ಯಮನಪ್ಪನಿಗೆ ನಗು ಬಂತು. ಮರುದಿನವೇ ಲೋಕಾಪುರಕ್ಕೆ ಮಾಲು ಮುಟ್ಟಿಸಬೇಕಿತ್ತು. ಶೇವಂತಿಯೂ ಬರುವವಳಿದ್ದಳು. ಲೋಕಾಪುರ ಅವಳ ತವರು. ತಂಗಿ ರುಕ್ಮವ್ವನ ಮದುವೆಗೆಂದು ಹನ್ನೆರಡು ದಿನ ಕೂತು ಒಂದು ಕೆಂಪು ಸೀರೆ ನೇಯ್ದಿದ್ದಳು, ಅದನ್ನು ತಾನೇ ಕೈಯಾರೆ ಕೊಡಬೇಕೆಂದು ಅವಳ ಆಸೆ.

“ತಗಡಿಗೇನು ಚಂದ ಮಾಡೂದೈತ್ರಿ ರಾಯರ? ಟೈರಿಗೆ ತಾಗಲಿಲ್ಲಂದ್ರ ಆತು,” ಎಂದು ಹೇಳಿ ಯಮನಪ್ಪ ಗಾಡಿಯನ್ನು ಮನೆಗೆ ತಂದ.

ಅಂಗಳದಲ್ಲೇ ಕಬ್ಬಿಣ ಕಡಿಯುವ ಚಾಣ, ಸುತ್ತಿಗೆ ಹಿಡಿದ. ಒಂದು ತಾಸಿನೊಳಗೆ ಎರಡೂ ಕಡೆಯ ತಗಡನ್ನು ಹೊಡೆದು ಹಾಕಿದ. ಅಂಚು ಹರಿದ ರೊಟ್ಟಿಯಂತೆ ಸೊಟ್ಟಪಟ್ಟ ಆಯಿತು, ಅಲ್ಲಲ್ಲಿ ಹಲ್ಲು ಹಲ್ಲು ಎದ್ದವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶೇವಂತಿ ಇಷ್ಟು ಒರಟಾಗಿ ಬಿಡುವುದೇ ಎಂದು ಕೇಳಿದಳು. ಇದನ್ನು ಯಾರೂ ಉಟ್ಟುಕೊಳ್ಳುವುದಿಲ್ಲ ಮಾರಾಯ್ತಿ ಎಂದು ಅವನು ಚೇಷ್ಟೆ ಮಾಡಿದ. ಅವಳೂ ನಕ್ಕು ಒಳಗೆ ಹೋದಳು. ಆ ನಗು ಯಮನಪ್ಪನಿಗೆ ಈಗಲೂ ಊಟಕ್ಕೆ ಕೂತಾಗ ನೆನಪಾಗುತ್ತದೆ.

ಮರುದಿನ ಗಂಟುಗಳನ್ನು ಹೇರಿದರು. ದಾರಿಯಲ್ಲಿ ಕೈ ತೋರಿದ ನಾಲ್ವರನ್ನೂ ಅವನು ಹತ್ತಿಸಿಕೊಂಡ. ಭಾರಕ್ಕೆ ಸ್ಪ್ರಿಂಗಿನ ಪಟ್ಟಿಗಳು ಬಗ್ಗಿ ಗಾಡಿಯ ಮೈ ಕೆಳಗಿಳಿಯಿತು. ಖಾಲಿ ಇದ್ದಾಗ ಟೈರಿನಿಂದ ದೂರವಿದ್ದ ತಗಡು ಈಗ ಮತ್ತೆ ಟೈರಿನ ಮೇಲೆಯೇ ಬಂದು ಕೂತಿತು. ಮುಧೋಳ ದಾಟುವಷ್ಟರಲ್ಲಿ ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಯಮನಪ್ಪ ಗಾಡಿ ನಿಲ್ಲಿಸಿ ಎಲ್ಲರೂ ಇಳಿಯಿರಿ ಎಂದ.

ಶೇವಂತಿ ಯಾವತ್ತಿನಂತೆ ಎಡಗಾಲನ್ನು ಟೈರಿನ ಮೇಲಿಟ್ಟು ಇಳಿಯಲು ಹೋದಳು. ಟೈರಿಗೆ ಕೆಸರು ಮೆತ್ತಿತ್ತು. ಕಾಲು ಜಾರಿತು. ಹಿಂದೆ ಬರುತ್ತಿದ್ದ ಬಲಗಾಲು ಆ ಹಲ್ಲು ಹಲ್ಲಿನ ಅಂಚಿಗೆ ಉಜ್ಜಿಕೊಂಡೇ ಕೆಳಗಿಳಿಯಿತು. ಹಿಮ್ಮಡಿಯ ಮೇಲಿನ ದಪ್ಪ ನರ ಸೀಳಿ ಹೋಯಿತು.

ಯಮನಪ್ಪ ಓಡಿ ಬಂದ. ಕಟ್ಟಲು ಕೈಗೆ ಬೇರೇನೂ ಸಿಗಲಿಲ್ಲ. ಅವಳ ಮಡಿಲಲ್ಲಿದ್ದ ರುಕ್ಮವ್ವನ ಸೀರೆಯನ್ನೇ ಎಳೆದು ಹರಿಯಲು ಹಿಡಿದ. ಅಷ್ಟು ನೋವಿನಲ್ಲೂ ಅವಳು ಅವನ ಕೈ ಹಿಡಿದಳು.

“ಅದನ್ನ ಹರೀಬ್ಯಾಡ್ರಿ,” ಎಂದಳು.

ಅವನು ಹರಿದ.

ಜಮಖಂಡಿಯ ದವಾಖಾನೆಯಲ್ಲಿ ಡಾಕ್ಟರು ಹೊಲಿಗೆ ಹಾಕಿದರು, ಧನುರ್ವಾಯು ಆಗದಂತೆ ಇಂಜೆಕ್ಷನ್ ಕೊಟ್ಟರು. ಜೀವ ಉಳಿಯಿತು. ದಸರೆಯ ಹೊತ್ತಿಗೆ ಗಾಯ ಮಾಯಿತು, ದೀಪಾವಳಿಗೆ ಕೋಲು ಹಿಡಿದು ಅಂಗಳದವರೆಗೆ ನಡೆದಳು. ಒಂದು ಮುಂಜಾನೆ ಯಾರಿಗೂ ಹೇಳದೆ ಮಗ್ಗದಲ್ಲಿ ಕೂತು ಕುಣಿಯಲ್ಲಿ ಕಾಲಿಳಿಬಿಟ್ಟಳು. ಯಮನಪ್ಪ ಬಾಗಿಲಲ್ಲಿ ನಿಂತು ನೋಡಿದ. ಎಡಗಾಲಿನ ಹಲಗೆ ಇಳಿಯಿತು. ಬಲಗಾಲಿನದು ಇಳಿಯಲಿಲ್ಲ. ಮತ್ತೆ ತುಳಿದಳು, ತೊಡೆಯ ಮೇಲೆ ಕೈಯೂರಿ ಒತ್ತಿದಳು. ಬಹಳ ಹೊತ್ತಿನ ಮೇಲೆ ಲಾಳಿಯನ್ನು ಪಕ್ಕಕ್ಕಿಟ್ಟಳು. ಯಮನಪ್ಪ ಹಿತ್ತಲಿಗೆ ಹೋಗಿ ಸಣ್ಣ ಮಕ್ಕಳಂತೆ ಅತ್ತ.

ಅವನ ತಾಯಿ ಅನಸವ್ವ ಇದು ಓಣಿಯವರ ಕಣ್ಣು ಬಿದ್ದು ಆದದ್ದು ಎಂದು ತೀರ್ಮಾನ ಮಾಡಿದ್ದಳು. ಗಾಡಿಯ ಹಿಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದಳು. ಯಮನಪ್ಪನೂ ಹೂಂ ಎಂದ. ಕಣ್ಣು ಬಿತ್ತು, ಹಣೆಬರಹ ಕೆಟ್ಟಿತು ಎಂದರೆ ಅವನ ಎದೆಯ ಭಾರ ಸ್ವಲ್ಪ ಇಳಿದಂತಾಗುತ್ತಿತ್ತು. ಆ ಸಂಜೆ ಸದಾಶಿವರಾಯರು ನೋಡಲು ಬಂದಾಗಲೂ ಅವನು ಅದನ್ನೇ ಹೇಳಿದ. ರಾಯರು, ನಾನು ಮೊದಲೇ ಹೇಳಿರಲಿಲ್ಲವೇ ಎನ್ನಲಿಲ್ಲ. ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದರು. ಮಾತಾಡಿದವಳು ಶೇವಂತಿ.

“ಹಣೆಬರಹ ಅನಬ್ಯಾಡ್ರಿ. ನಾ ಸೀರಿ ಅಂಚ ಹಂಗ ಬಿಟ್ಟು ಅದು ಪೇಟ್ಯಾಗ ಬಿಚ್ಚಿ ಹೋಗಿದ್ರ, ಹಣೆಬರಹ ಅಂತಿದ್ರೇನು? ಶೇವಂತಿ ಬರೋಬ್ಬರಿ ನೇಯ್ದಿಲ್ಲ ಅಂತಿದ್ರಿ.”

ರಾಯರು ಚಹಾದ ಬಟ್ಟಲು ಕೆಳಗಿಟ್ಟರು. ಅವಳೇ ಮತ್ತೆ, ದನಿ ಏರಿಸದೆ, “ನನ್ನ ಕಾಲು ಹ್ವಾದದ್ದು ಹೋತು. ಆ ಗಾಡ್ಯಾಗ ನಾಳೆ ಮತ್ತೊಬ್ಬಾಕಿ ಹತ್ತತಾಳ. ಆಕೀದರ ಉಳಿಸ್ರಿ,” ಎಂದಳು.

ಮರುದಿನ ಮುಂಜಾನೆಯೇ ರಾಯರು ತಮ್ಮ ಸಾಮಾನು ಹೊತ್ತು ಬಂದರು. ಮೊದಲು ಗಾಡಿಗೆ ಯಾವತ್ತಿನಷ್ಟು ಗಂಟು ಹೇರಿಸಿದರು. ಅನಸವ್ವನನ್ನೂ ಓಣಿಯ ನಾಲ್ಕು ಮಂದಿಯನ್ನೂ ಮೇಲೆ ಕೂಡ್ರಿಸಿದರು. ಒಂದು ಹಿಂದಿನ ಗಾಲಿಯನ್ನು ಕಲ್ಲಿನ ಮೇಲೆ ಹತ್ತಿಸಿ, ತಗ್ಗುದಿನ್ನೆಯಲ್ಲಿ ಗಾಡಿ ಒಂದೇ ಕಡೆ ವಾಲಿದಾಗ ಟೈರು ಎಲ್ಲಿಯವರೆಗೆ ಏರುತ್ತದೆಂದು ತೋರಿಸಿದರು. ಅಲ್ಲಿಂದ ನಾಲ್ಕು ಬೆರಳು ಜಾಗ ಬಿಟ್ಟು ಸೀಮೆಸುಣ್ಣದ ಗೆರೆ ಎಳೆದರು. ಮಡಚುವುದಕ್ಕೆಂದು ಗೆರೆಯಾಚೆ ಒಂದು ಬೆರಳು ತಗಡು ಉಳಿಸಿದರು. ಹಳೆಯ ಪತ್ರಿಕೆಯ ಕಾಗದವನ್ನು ಆ ಗೆರೆಗೆ ಸರಿಯಾಗಿ ಕತ್ತರಿಸಿ ಇನ್ನೊಂದು ಕಡೆಗೆ ಹಿಡಿದರು, ಎರಡೂ ಬದಿ ಒಂದೇ ಸಮ ಬರಲೆಂದು.

ಆಮೇಲೆ ಮಂದಿಯನ್ನೆಲ್ಲ ಇಳಿಸಿದರು. ಯಮನಪ್ಪ ಈ ಸಲ ಚಾಣ ಮುಟ್ಟಲಿಲ್ಲ. ಕಬ್ಬಿಣ ಕೊಯ್ಯುವ ಗರಗಸದಿಂದ ಗೆರೆಯಾಚೆ ಆ ಒಂದು ಬೆರಳು ಬಿಟ್ಟು ನಿಧಾನವಾಗಿ ಕೊಯ್ದ, ಅರದಿಂದ ಉಜ್ಜಿದ. ಉಳಿಸಿದ ತುದಿಯನ್ನು ರಾಯರು ತಂತಿಯ ಮೇಲೆ ಬಗ್ಗಿಸಿ ಬಕೀಟಿನ ಬಾಯಿಯಂತೆ ಮಡಚಿದರು. ಎಲ್ಲ ಸರಿಯಾಯಿತು ಎನ್ನುವಾಗ ಶೇವಂತಿ ಕೋಲೂರಿಕೊಂಡು ಹೊರಗೆ ಬಂದಳು. ಕೈಯಲ್ಲಿ ರುಕ್ಮವ್ವನ ಆ ಹರಿದ ಸೀರೆಯಿಂದ ಬಿಚ್ಚಿದ ಒಂದು ಎಳೆ ಕೆಂಪು ನೂಲು ಇತ್ತು. ಅದರ ಎರಡು ತುದಿ ಹಿಡಿದು, ಮಡಚಿದ ಅಂಚಿನ ಮೇಲೆ ಮೆಲ್ಲಗೆ ಎಳೆಯುತ್ತ ಹೋದಳು.

ಮೂಲೆಯಲ್ಲಿ ಎಳೆ ಸಿಕ್ಕಿಕೊಂಡಿತು. ಅವಳು ಏನೂ ಹೇಳದೆ ಅಲ್ಲಿ ಬೆರಳಿಟ್ಟಳು. ಯಮನಪ್ಪ ಅಲ್ಲಿ ಮತ್ತೆ ಉಜ್ಜಿದ. ಎರಡನೆಯ ಸಲವೂ ಸಿಕ್ಕಿತು. ಮತ್ತೆ ಉಜ್ಜಿದ. ಮೂರನೆಯ ಸಲ ನೂಲು ಈ ತುದಿಯಿಂದ ಆ ತುದಿಗೆ ಎಲ್ಲೂ ತಡೆಯದೆ ಜಾರಿ ಹೋಯಿತು.

“ಇಷ್ಟ ಸಾಕಿತ್ತು ನೋಡ್ರಿ,” ಎಂದಳು.

ಯಮನಪ್ಪ ಅರವನ್ನು ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟ. ಅನಸವ್ವ ಮಗನ ಬೆನ್ನ ಮೇಲೆ ಕೈಯಾಡಿಸಿದಳು. ಆಮೇಲೆ ಗಾಡಿಯ ಹಿಂದೆ ಹೋಗಿ ನಿಂಬೆಹಣ್ಣಿನ ದಾರವನ್ನು ತಾನೇ ಬಿಚ್ಚಿ ತೆಗೆದಳು. ಕಣ್ಣಿನ ಮಾತು ಆ ಮನೆಯಲ್ಲಿ ಮತ್ತೆ ಯಾರೂ ಆಡಲಿಲ್ಲ. ಸಂಜೆಯೊಳಗೆ ತಗಡಿಗೆ ಜಂಗು ಹಿಡಿಯದಂತೆ ಬಣ್ಣ ಬಳಿದದ್ದಾಯಿತು, ಕೆಸರು ಹಿಂದಿನವರಿಗೆ ಸಿಡಿಯದಂತೆ ಹಳೆಯ ಟೈರಿನ ತುಂಡು ಇಳಿಬಿಟ್ಟದ್ದಾಯಿತು. ಟೈರಿನ ಮೇಲೆ ಯಾರೂ ಕಾಲಿಡದಿರಲೆಂದು ಹಿಂಬದಿಗೆ ಕಬ್ಬಿಣದ ಮೆಟ್ಟಿಲೊಂದನ್ನೂ ಹಾಕಿದರು.

ಈಗ ಶೇವಂತಿ ಗೋಡೆಗೆ ಒರಗಿ ಕೂತು ಓಣಿಯವರ ಮಗ್ಗಗಳಿಗೆ ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತಿಕೊಡುತ್ತಾಳೆ. ಸಾವಳಗಿ, ಬೀಳಗಿಯ ಗಾಡಿಯವರೂ ತಗಡಿನ ಅಂಚು ನೋಡಿಕೊಳ್ಳುವ ನೂಲಿಗಾಗಿ ಅವಳ ಮನೆ ಹುಡುಕಿಕೊಂಡು ಬರುತ್ತಾರೆ. ಅವಳು ಒಬ್ಬೊಬ್ಬರಿಗೂ ಒಂದೊಂದು ಎಳೆ ನೂಲು ಹರಿದು ಕೊಡುತ್ತಾಳೆ.

ಗಾಡಿ ಇಟ್ಟ ಅಣ್ಣಂದಿರೇ, ದೊಡ್ಡ ಟೈರು ಹಾಕಿಸಿದ್ದರೆ ನಿಮ್ಮ ಮಡ್‌ಗಾರ್ಡನ್ನು ಇಂದೇ ಹೋಗಿ ನೋಡಿರಿ. ಭಾರ ಹೇರಿ ಅಳೆಯಿರಿ, ಗೆರೆ ಹಾಕಿ ಕೊಯ್ಯಿರಿ, ಉಜ್ಜಿ ಮಡಚಿರಿ. ಕೆಲಸ ಬಾರದಿದ್ದರೆ ಬಲ್ಲವರ ಕೈಗೆ ಕೊಡಿರಿ, ಎರಡು ದಿನ ಹೋದರೆ ಹೋಗಲಿ. ಗಾಡಿ ಹತ್ತುವ ಅಕ್ಕತಂಗಿಯರೇ, ಟೈರಿನ ಮೇಲೆ ಕಾಲಿಡಬೇಡಿರಿ, ಮೆಟ್ಟಿಲು ಎಲ್ಲಿದೆ ಎಂದು ಕೇಳಿರಿ. ಒಂದು ಎಳೆ ನೂಲು ತೆಗೆದುಕೊಂಡು ಆ ಅಂಚಿನ ಮೇಲೆ ಎಳೆಯಿರಿ. ನೂಲು ಸಿಕ್ಕಿದ ಜಾಗದಲ್ಲಿ ನಾಳೆ ಯಾರದೋ ಕಾಲು ಸಿಕ್ಕೀತು.

ಶೇವಂತಿಯ ಮಗ್ಗ ನಿಂತು ಹೋಯಿತು. ನಿಮ್ಮ ಮನೆಯದು ನಡೆಯುತ್ತಿರಲಿ.