ಕೆನ್ನೆಯ ತುಂಡು

ಹೊಳೆದಂಡೆಯ ನಮ್ಮ ಮಿಗ್ಮಾ ಬುಡಕಟ್ಟಿನ ಕೇರಿಯಲ್ಲಿ ವರ್ಷದ ಮೊದಲ ಸಾಲ್ಮನ್ ಮೀನು ಅದನ್ನು ಹಿಡಿದವರ ಮನೆಗೆ ಹೋಗುವುದಿಲ್ಲ. ಕೇರಿಗೆಲ್ಲ ಹಿರಿಯರು ಯಾರೋ ಅವರ ಮನೆಗೆ ಹೋಗುತ್ತದೆ. ತಲೆ ಬೇಯಿಸಿ ಸಾರು ಮಾಡಿ, ಕೆನ್ನೆಯ ತುಂಡನ್ನು ಅವರ ಬಾಯಿಗಿಟ್ಟ ಮೇಲೆಯೇ ಉಳಿದವರ ಊಟ. ನನ್ನ ಅವ್ವ ಸಾಬೆತ್ ಹತ್ತು ವರ್ಷದವಳಿದ್ದಾಗಿನಿಂದ ಆ ಪಾತ್ರೆ ಹೊತ್ತವಳು. ಅವಳ ಕೈಯಿಂದ ತಿಂದ ಮುದುಕ ಮುದುಕಿಯರೆಲ್ಲ ಈಗ ಚರ್ಚಿನ ಹಿಂದೆ ಮಲಗಿದ್ದಾರೆ. ಹೋದ ವರ್ಷದ ಚಳಿಗಾಲದಲ್ಲಿ ಪಿಯೆಲ್ ಅಜ್ಜನೂ ತೀರಿಕೊಂಡ ಮೇಲೆ ಹಿರಿಯಳು ಅವಳೇ ಆದಳು. ಎಂಬತ್ತೆಂಟನೆಯ ವರ್ಷಕ್ಕೆ ಅವಳ ಸರದಿ ಬಂತು.

ಅದೇ ಚಳಿಗಾಲ ನಾನು ಕೇರಿಯ ಸಭೆಯಲ್ಲಿ ಎದ್ದು ನಿಂತು ಮೇಜು ಗುದ್ದಿದ್ದೆ. ಮಿರಮಿಶಿ ಹೊಳೆಯಲ್ಲಿ ಸಾಲ್ಮನ್ ಬೆರಳೆಣಿಕೆಗೆ ಇಳಿದಿದೆ, ಇನ್ನು ಯಾರೂ ಒಂದನ್ನೂ ತಿನ್ನಕೂಡದು, ಪಟ್ಟೆಮೀನಿನ ಬಲೆಗೆ ತಪ್ಪಿ ಬಿದ್ದರೂ ಜೀವಂತ ಬಿಡಬೇಕು ಎಂದೆ. ಪಟ್ಟೆಮೀನಿಗೇನು, ಬರವಿಲ್ಲ. ಮೊಟ್ಟೆಯಿಡಲು ಬಂದು ಹೊಳೆ ತುಂಬಿಕೊಳ್ಳುತ್ತದೆ, ಸಾಲ್ಮನ್ ಮರಿಗಳನ್ನೂ ನುಂಗಿ ನೀರು ಕುಡಿಯುತ್ತದೆ. ಚಹಾ ಬಿಸಿಯಿದೆಯೋ ತಣ್ಣಗಿದೆಯೋ ಎಂಬುದಕ್ಕೂ ಜಗಳವಾಡುವ ನಮ್ಮ ಜನ ಅವತ್ತು ಒಬ್ಬರೂ ತಕರಾರೆತ್ತದೆ ಕೈಯೆತ್ತಿದರು. ಅವ್ವನೂ ಎತ್ತಿದಳು. ನಾನು ಉಬ್ಬಿಹೋದೆ.

ಈಸ್ಟರ್ ಕಳೆದ ಮೇಲೆ ಅವಳು ಹಾಸಿಗೆ ಹಿಡಿದಳು. ಜೂನ್ ಹೊತ್ತಿಗೆ ಒಂದು ಚಮಚ ನೀರಿಗೂ ಬೇಡವೆನ್ನುತ್ತಿದ್ದವಳು, ಒಂದು ಬೆಳಗ್ಗೆ ನನ್ನ ತೋಳು ಹಿಡಿದಳು.

"ಮ್ಯಾಟ್ಲೆನ್, ಮೊದಲ ಮೀನು ಬಂತೇನೆ?"

"ಇನ್ನೂ ಇಲ್ಲವ್ವ."

"ಬಂದ್ರೆ ಕೆನ್ನೆ ನಂದು ಕಣೆ. ಮರೀಬೇಡ."

ಸಭೆಯಲ್ಲಿ ಕೈಯೆತ್ತಿದ್ದನ್ನು ಮರೆತಿದ್ದಳೋ, ನೆನಪಿದ್ದೇ ಕೇಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ನಾನು ಮತ್ತು ನನ್ನ ತಮ್ಮ ಸುಲಿಯನ್ ದೋಣಿಯಲ್ಲಿ ಹೋಗಿ ಬಲೆ ಎತ್ತಿದೆವು. ಪಟ್ಟೆಮೀನು, ಪಟ್ಟೆಮೀನು, ಮತ್ತೆ ಪಟ್ಟೆಮೀನು. ಕೊನೆಯ ಮಾರಿನಲ್ಲಿ ಬಲೆಯ ದಾರ ದವಡೆಗೆ ಸುತ್ತಿಕೊಂಡು ಒಂದು ಸಾಲ್ಮನ್. ಸಮುದ್ರದ ಹೇನು ಇನ್ನೂ ಮೈಗಂಟಿತ್ತು, ಅಂದರೆ ಆಗಷ್ಟೇ ಹೊಳೆಗೆ ಬಂದದ್ದು.

"ಅವ್ವಂದು ಇದು," ಅಂದ ಸುಲಿಯನ್. "ನೋಡೋರು ಯಾರಿದಾರೆ? ನೀನು, ನಾನು, ಅಲ್ಲಿ ನಿಂತಿರೋ ಬಕ."

"ಎಲ್ಲರ ಬಾಯಲ್ಲೂ ಹೂಂ ಅನ್ಸಿದ್ದು ನಾನು ಕಣೋ."

"ಹಂಗಾದ್ರೆ ಅವ್ವನ ಬಾಯಿಗೆ ನಿನ್ನ ಭಾಷಣ ಇಡು, ಹೋಗು."

ಸಿಟ್ಟು ನೆತ್ತಿಗೇರಿತು. ದಾರ ಕತ್ತರಿಸಿ, ಮೀನಿನ ಬಾಲ ಒಂದು ಕೈಯಲ್ಲಿ, ಹೊಟ್ಟೆ ಇನ್ನೊಂದು ಕೈಯಲ್ಲಿ ಹಿಡಿದು, ತಲೆಯನ್ನು ಹರಿವಿಗೆದುರಾಗಿ ನೀರೊಳಗಿಟ್ಟೆ. ದಣಿದ ಮೀನಿಗೆ ಉಸಿರು ಮರಳುವ ತನಕ ಹಾಗೆ ಹಿಡಿಯಬೇಕು. ಉಸಿರು ಯಾವಾಗಲೋ ಮರಳಿತ್ತು. ನಾನೇ ಬಿಟ್ಟಿರಲಿಲ್ಲ. ಕಡೆಗೆ ಅದೇ ಬಾಲ ಒದೆಯಿತು, ನನ್ನ ಕೈ ಸಡಿಲವಾಯಿತು. ಸುಲಿಯನ್ ದಡ ಮುಟ್ಟುವವರೆಗೆ ನೀರನ್ನು ಬಡಿಯುವಂತೆ ಹುಟ್ಟು ಹಾಕಿದ.

ಇದ್ದುದರಲ್ಲಿ ದೊಡ್ಡ ಪಟ್ಟೆಮೀನಿನ ತಲೆಯನ್ನು ಆಲೂಗಡ್ಡೆ, ಈರುಳ್ಳಿ ಹಾಕಿ ಬೇಯಿಸಿದೆ. ಸುಲಿಯನ್ ಅವ್ವನನ್ನು ಎತ್ತಿ ದಿಂಬಿಗೆ ಒರಗಿಸಿದ. ತಲೆ ಬಾಚು ಎಂದಳು, ಬಾಚಿದೆ. ಅವಳ ಕಣ್ಣು ಮಂಜಾಗಿ ವರ್ಷವಾಗಿತ್ತು, ಮಾಂಸ ಸಾಲ್ಮನ್ನಿನಂತೆ ಕೆಂಪಲ್ಲ, ಬಿಳಿ ಎಂಬುದು ಕಾಣಲಾರದು ಎಂದುಕೊಂಡು ಕೆನ್ನೆಯ ತುಂಡನ್ನು ಚಮಚದಲ್ಲಿ ಎತ್ತಿದೆ.

"ಮೊದಲ ಮೀನು ಅವ್ವಾ. ಸಾಲ್ಮನ್."

ಅವಳು ಬಾಯಿ ತೆರೆದಳು, ನಿಧಾನವಾಗಿ ಅಗಿದಳು. ಆಮೇಲೆ ತುಂಡನ್ನು ಅಂಗೈಗೆ ತೆಗೆದು ಬಟ್ಟಲಿಗೆ ಹಾಕಿದಳು.

"ಎಪ್ಪತ್ತೆಂಟು ವರ್ಷ ಒಯ್ದಿದೀನಿ. ಮೀನು ಸಿಗದ ವರ್ಷ ಬರಿಗೈಲಿ ಹೋಗಿ, ಸಿಗ್ಲಿಲ್ಲ ಅಂತ ಹೇಳಿ ಬಂದಿದೀನಿ. ಯಾರಿಗೂ ಸುಳ್ಳು ಮೀನು ಕೊಟ್ಟಿಲ್ಲ."

"ಅವ್ವಾ, ನಾನು..."

"ಪಟ್ಟೆಮೀನು ಅಂದಿದ್ರೆ ತಿಂತಿದ್ದೆ ಕಣೆ. ನಿನ್ನ ಕೈಯಿಂದ ತಿಂತಿದ್ದೆ."

ಗೋಡೆ ಕಡೆ ಹೊರಳಿದಳು. ಅವಳ ಬೆನ್ನಿಗೆ ನಾನು ಎಲ್ಲವನ್ನೂ ಹೇಳಿದೆ. ಬಲೆಗೆ ಬಿದ್ದದ್ದು, ಬಿಟ್ಟದ್ದು, ಬಿಡಲಾರದೆ ಹಿಡಿದು ಕೂತದ್ದು. ಕೇಳಿಸಿತೋ ಇಲ್ಲವೋ, ಅವಳು ಹೊದಿಕೆ ಎಳೆದುಕೊಂಡಳು. ಆಮೇಲೆ ಅವಳು ಏನನ್ನೂ ಮುಟ್ಟಲಿಲ್ಲ, ನಾಲ್ಕನೆಯ ದಿನ ಹೋಗಿಬಿಟ್ಟಳು.

ಸಾಲ್ಮನ್ ಬಿಟ್ಟದ್ದನ್ನು ಸುಲಿಯನ್ ಕೇರಿಗೆಲ್ಲ ಹೇಳಿದ್ದ, ನಾನು ಅವ್ವನಿಗೆ ಸುಳ್ಳು ಹೇಳಿದ್ದನ್ನು ಹೇಳಿರಲಿಲ್ಲ. ಮಣ್ಣಿಗೆ ಬಂದವರೆಲ್ಲ ನನ್ನ ಕೈ ಹಿಡಿದು ಒಂದೇ ಮಾತಾಡಿದರು. ಸಾಯೋ ತಾಯಿ ಕೇಳಿದ್ರೂ ಮ್ಯಾಟ್ಲೆನ್ ಮಾತು ಮುರೀಲಿಲ್ಲ, ಸಾಬೆತ್ ಪುಣ್ಯವಂತೆ, ಎಂದರು. ಸುಲಿಯನ್ ನೆಲ ನೋಡುತ್ತಿದ್ದ. ನಾನು ತಲೆಯಾಡಿಸಿದೆ. ಭೂಮಿ ಬಾಯಿಬಿಟ್ಟರೆ ಅವ್ವನ ಜೊತೆಗೇ ಇಳಿದುಬಿಡಬೇಕು ಅನ್ನಿಸುವಷ್ಟು ನಾಚಿಕೆಯಾಯಿತು.

ಈ ವರ್ಷವೂ ಸಾಲ್ಮನ್ ತಿನ್ನುವಂತಿಲ್ಲ. ಈಗ ಹಿರಿಯಳು ಎಂಬತ್ತೈದರ ಅಗಾತಜ್ಜಿ. ಜೂನಿನಲ್ಲಿ ತಲೆ ಬೇಯಿಸಿ ಪಾತ್ರೆ ಹೊತ್ತು ಹೋದೆ. ಅವಳ ಮನೆ ಗೇಟಿನಲ್ಲೇ ನಿಂತು ಕೂಗಿದೆ.

"ಅಗಾತಜ್ಜೀ, ಇದು ಪಟ್ಟೆಮೀನು!"

"ನಂಗೂ ಮೂಗಿದೆ ಮಾರಾಯ್ತಿ! ಯಾಕೆ ಹಂಗೆ ಕಿರುಚ್ತೀಯ? ಒಳಗೆ ಬಾ, ಆರೋಗತ್ತೆ."

ಒಳಗೆ ಹೋಗಿ ಅವಳ ಎದುರು ಕೂತೆ. ಕೆನ್ನೆಯ ತುಂಡನ್ನು ಚಮಚದಲ್ಲಿ ಎತ್ತುವಾಗ ಸಾರು ಅವಳ ಮಡಿಲಿಗೆ ಚೆಲ್ಲಿತು.

"ಪಟ್ಟೆಮೀನು ಅಜ್ಜಿ," ಅಂದೆ ಮತ್ತೊಮ್ಮೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಬಾಯಿ ತೆರೆದಳು.